ಕೇಳದೆಯೇ ತಟ್ಟಿದ ಎದೆಬಡಿತ

ಚೈತ್ರ, ಆ ದಿನ ನಿನ್ನ ಮಗುವಿನ ಎದೆಬಡಿತ ನನಗೆ ಕೇಳಿಸಿರಲಿಲ್ಲ. ನಿಮಿಷಕ್ಕೆ ನೂರ ನಲವತ್ತು ಎಂದು ನಾನು ಹೇಳಿದ್ದು ಸುಳ್ಳು. ಮುಚ್ಚಳದ ಮೇಲೆ ಪೆನ್ನಿನಿಂದ ತಟ್ಟಿ ತೋರಿಸಿದ್ದು ಸುಳ್ಳು. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ ಎದುರು ನಿಂತು ಅದನ್ನೇ ಮತ್ತೆ ಹೇಳಿದೆನಲ್ಲ — ಅದು ಎಲ್ಲಕ್ಕಿಂತ ದೊಡ್ಡ ಸುಳ್ಳು.

ಇಷ್ಟು ಬರೆಯಲು ನನಗೆ ಐದು ವರ್ಷ ಬೇಕಾಯಿತು. ಈಗಲೂ ಬರೆದು ಮುಗಿಸುತ್ತೇನೆಂಬ ಧೈರ್ಯವಿಲ್ಲ, ಆದರೆ ಮೊದಲ ಸಾಲು ಬರೆದಾಯಿತು, ಇನ್ನು ಹಿಂದೆ ಹೋಗುವಂತಿಲ್ಲ. ಈ ಕಾಗದವನ್ನು ನೀನೊಬ್ಬಳೇ ಓದುವುದಿಲ್ಲ. ಅಮ್ಮನಿಗೂ ಲೋಕೇಶನಿಗೂ ಓದಿ ಹೇಳುತ್ತೇನೆ, ನನ್ನ ವಿದ್ಯಾರ್ಥಿನಿಯರ ಕೈಗೂ ಕೊಡುತ್ತೇನೆ. ಹಾಗಾಗಿ ನಿನಗೆ ಗೊತ್ತಿರುವ ಸಂಗತಿಗಳನ್ನೂ ಬರೆಯಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡ.

ನಾನು ನಿನ್ನ ಗಂಡ ಲೋಕೇಶನ ಅಕ್ಕ. ತರೀಕೆರೆಯ ಒಂದು ನರ್ಸಿಂಗ್ ಶಾಲೆಯಲ್ಲಿ ಹೆರಿಗೆ ಶುಶ್ರೂಷೆಯ ಪಾಠ ಹೇಳುವವಳು. ಮದುವೆಯ ಗೊಡವೆಗೆ ಹೋಗದೆ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದುಕೊಂಡು, ಹುಡುಗಿಯರಿಗೆ ಸಿಡುಕಿ ಎಂದು ಹೆಸರಾದವಳು. ಕೈ ತೊಳೆಯದೆ ಹೆರಿಗೆ ಕಲಿಸುವ ಬೊಂಬೆಯನ್ನು ಮುಟ್ಟಿದರೂ ಹೊರಗೆ ಕಳಿಸುತ್ತಿದ್ದೆ. ಸುಳ್ಳು ಬರೆದ ಚಾರ್ಟು ಸಿಕ್ಕರೆ ಅವರ ಕಣ್ಣೆದುರೇ ಹರಿದು ಹಾಕುತ್ತಿದ್ದೆ. ಎಷ್ಟು ಜನರದ್ದು ಹರಿದಿದ್ದೇನೋ — ಈಗ ನೆನೆದರೆ ನಾಚಿಕೆಯಾಗುತ್ತದೆ.

ಲಾಕ್‌ಡೌನ್ ಬಂದಾಗ ಹಾಸ್ಟೆಲು ಮುಚ್ಚಿದರು. ನಾನು ದೇವನೂರಿನ ನಮ್ಮ ಮನೆಗೆ ಬಂದೆ. ಪಾಠದ ಬೊಂಬೆಗಳೆಲ್ಲ ತರೀಕೆರೆಯ ಲ್ಯಾಬಿನಲ್ಲಿ ಬೀಗದೊಳಗೆ ಮಲಗಿದ್ದವು. ಪಾಠ ಮಾತ್ರ ಮೊಬೈಲಿನಲ್ಲಿ ನಡೆಯಬೇಕು. ನಲವತ್ತು ಹುಡುಗಿಯರು ನಲವತ್ತು ದಿಕ್ಕಿನಲ್ಲಿ. ಒಬ್ಬಳು ನೆಟ್‌ವರ್ಕಿಗಾಗಿ ಊರಿನ ನೀರಿನ ಟ್ಯಾಂಕ್ ಹತ್ತಿ ಕೂರುತ್ತಿದ್ದಳು. ಇನ್ನೊಬ್ಬಳ ಮೊಬೈಲು ಅಣ್ಣನದು, ನಡುನಡುವೆ ಅವನಿಗೆ ಫೋನು ಬಂದರೆ ಅವಳ ಪಾಠ ಅಲ್ಲಿಗೇ ಮುಗಿಯಿತು. ಶಾಲೆಯ ಆ್ಯಪಿನಲ್ಲಿ ಹಾಕಿಕೊಟ್ಟ ವಿಡಿಯೋಗಳು ಯಾವುದೋ ದೇಶದವು. ಆ ಇಂಗ್ಲಿಷು ಅವರಿಗೆ ಅರ್ಥವಾಗುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ. ಹೊಟ್ಟೆ ಮುಟ್ಟಿ ನೋಡದೆ ಹೆರಿಗೆಯ ಪಾಠ ಕಲಿಯುವುದು ಹೇಗೆ? ನಾನು ದಿನಾ ಊಟದ ಹೊತ್ತಿಗೆ ಇದನ್ನೇ ಗೊಣಗುತ್ತಿದ್ದೆ. ಆಗ ನೀನೇ ನಗುತ್ತಾ ಹೇಳಿದೆ.

"ಅಕ್ಕಾ, ನನ್ ಹೊಟ್ಟೇನೇ ತೋರ್ಸಿ. ಹೆಂಗೂ ಮನೇಲೇ ಬಿದ್ದೈತೆ."

ನಿನಗೆ ಆಗ ಎಂಟು ತಿಂಗಳು ತುಂಬುತ್ತಿತ್ತು. ಏಳನೇ ತಿಂಗಳಿಗೇ ಚೌಳಹಿರಿಯೂರಿನ ತವರಿಗೆ ಹೋಗಬೇಕಾದವಳು, ಬಸ್ಸಿಲ್ಲದೆ ನಮ್ಮಲ್ಲೇ ಉಳಿದಿದ್ದೆ. ಲೋಕೇಶ ಮೊದಲು ಮುಖ ಸಿಂಡರಿಸಿದ. ಎಲ್ಲ ಹುಡುಗಿಯರೇ, ಮುಖ ತೋರಿಸುವುದಿಲ್ಲ, ಬರೀ ಹೊಟ್ಟೆ ಎಂದು ನಾನು ಹೇಳಿದ ಮೇಲೆ ಒಪ್ಪಿ, ಪಾಠದ ಹೊತ್ತಿಗೆ ತನ್ನ ಮೋಟರ್ ರಿಪೇರಿ ಅಂಗಡಿಗೆ ಹೋಗಿ ಕೂರುತ್ತಿದ್ದ.

ಹೊಟ್ಟೆ ಅಳೆಯುವುದು, ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆ ಇದೆ ಎಂದು ಕೈಯಿಂದ ಹುಡುಕುವುದು — ಇವೆಲ್ಲ ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಎದೆಬಡಿತ ಮಾತ್ರ ಸಮಸ್ಯೆಯಾಯಿತು. ನಮ್ಮ ಫೀಟೋಸ್ಕೋಪು ಹಳೆಯ ಕಾಲದ್ದು. ಒಂದು ತುದಿಯನ್ನು ಗರ್ಭಿಣಿಯ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕೇಳುವ ಪುಟ್ಟ ಕೊಳವೆ. ಕಿವಿ ಕೊಟ್ಟವಳಿಗೆ ಮಾತ್ರ ಕೇಳುತ್ತದೆ. ಮೊಬೈಲ್ ಹಿಡಿದರೆ ಬರೀ ಗೊರಗೊರ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಸ್ಟೀಲ್ ಡಬ್ಬದ ಮುಚ್ಚಳವನ್ನು ಮೊಬೈಲಿನ ಪಕ್ಕ ಇಟ್ಟುಕೊಂಡು, ನನ್ನ ಕಿವಿಗೆ ಬಡಿತ ಕೇಳಿದ ಹಾಗೆಲ್ಲ ಪೆನ್ನಿನಿಂದ ಮುಚ್ಚಳಕ್ಕೆ ತಟ್ಟುವುದು. ಟಕ್ ಟಕ್ ಟಕ್ ಟಕ್. ಹುಡುಗಿಯರು ಒಂದು ನಿಮಿಷ ಗಡಿಯಾರ ನೋಡಿಕೊಂಡು ಅದನ್ನು ಎಣಿಸಿ, ಸಂಖ್ಯೆಯನ್ನು ಚಾಟಿನಲ್ಲಿ ಬರೆಯುವುದು.

ಎಷ್ಟು ಖುಷಿಯಾಗಿತ್ತು ಅವರಿಗೆ! ನಿನಗೂ. ಮಲಗಿದ್ದಲ್ಲೇ ಕತ್ತು ಎತ್ತಿ ಪರದೆ ನೋಡಿ ಓದುತ್ತಿದ್ದೆ. "ಇವ್ಳು ನೂರ ಮೂವತ್ತೆಂಟಂತೆ. ಇವ್ಳ್ ನೋಡಕ್ಕ, ನೂರ ತೊಂಬತ್ತಂತೆ! ನನ್ ಮಗ ಏನ್ ಓಟಕ್ ನಿಂತವ್ನಾ?" ಪ್ರಿನ್ಸಿಪಾಲರಿಗೂ ಈ ಉಪಾಯ ಹಿಡಿಸಿತು. ನನ್ನ ತಲೆ ಸ್ವಲ್ಪ ತಿರುಗಿತು ಎಂದೇ ಹೇಳಬೇಕು.

ಆದರೆ ಒಂದು ವಿಷಯ ಇದೆ. ನಿನಗೆ ಅದು ಗೊತ್ತಿರಲು ಸಾಧ್ಯವಿಲ್ಲ, ನನಗೆ ಗೊತ್ತಿತ್ತು. ಎದೆಬಡಿತ ಕೇಳುವಾಗ ಕಿವಿ ಕೊಳವೆಯ ಮೇಲಿದ್ದರೆ ಒಂದು ಕೈ ತಾಯಿಯ ಮಣಿಕಟ್ಟಿನ ಮೇಲಿರಬೇಕು. ತಾಯಿಯ ನಾಡಿಯೂ ಹೊಟ್ಟೆಯೊಳಗಿಂದ ಕೇಳಿಸುತ್ತದೆ. ಕಿವಿಗೆ ಕೇಳುವುದೂ ಬೆರಳಿಗೆ ತಗಲುವುದೂ ಒಂದೇ ಲಯವಾದರೆ ನೀನು ಕೇಳುತ್ತಿರುವುದು ತಾಯಿಯನ್ನು, ಮಗುವನ್ನಲ್ಲ. ಇದು ನಾನು ಮೊದಲ ವರ್ಷವೇ ಹುಡುಗಿಯರ ತಲೆಗೆ ಬಡಿದು ಕಲಿಸುವ ಪಾಠ. ಈಗ ನನ್ನ ಆ ಕೈಯಲ್ಲಿ ಪೆನ್ನು ಇತ್ತು. ಮೊದಲ ಎರಡು ತರಗತಿಗಳಲ್ಲಿ ಅದರಿಂದ ಏನೂ ಕೆಡಲಿಲ್ಲ; ನಿನ್ನ ಮಗುವಿನ ಬಡಿತ ಅಷ್ಟು ಚುರುಕಾಗಿ, ಸ್ಪಷ್ಟವಾಗಿ ಕೇಳುತ್ತಿತ್ತು.

ಮೂರನೆಯದು ಮಾದರಿ ಪಾಠ. ಅದನ್ನು ರೆಕಾರ್ಡ್ ಮಾಡಿ ಆ್ಯಪಿನಲ್ಲಿ ಹಾಕಬೇಕು, ಮುಂದಿನ ಬ್ಯಾಚುಗಳಿಗೂ ಅದೇ ಪಾಠ ಎಂದಿದ್ದರು. ಪ್ರಿನ್ಸಿಪಾಲರು ಕೂತು ನೋಡುವವರಿದ್ದರು. ನಾನು ಬೆಳಿಗ್ಗೆಯಿಂದ ಅದೇ ಧ್ಯಾನದಲ್ಲಿದ್ದೆ — ಯಾವ ಸೀರೆ, ಎಲ್ಲಿ ಬೆಳಕು, ಮೊಬೈಲನ್ನು ಕುರ್ಚಿಗೆ ಹೇಗೆ ಕಟ್ಟುವುದು. ಎಂಟು ಗಂಟೆಗೆ ನೀನು ದೋಸೆ ಹುಯ್ಯುತ್ತಿದ್ದವಳು ಹಂಚಿನಿಂದ ಕಣ್ಣು ಎತ್ತದೆಯೇ ಹೇಳಿದೆ.

"ನಿನ್ನೆಯಿಂದ ಯಾಕೋ ಅಷ್ಟಾಗಿ ಒದೀತಿಲ್ಲ ಕಣಕ್ಕ. ನಿದ್ದೆ ಮಾಡ್ತಾವ್ನೋ ಏನೋ."

ಬೇರೆ ಯಾವ ಹೆಂಗಸು ಹಾಗಂದಿದ್ದರೂ ನಾನು ತಟ್ಟೆ ಸರಿಸಿ ಎದ್ದು ಅವಳನ್ನು ಮಲಗಿಸಿ ಕೇಳುತ್ತಿದ್ದೆ. ನಿನಗೆ ಹೇಳಿದೆ: "ಹನ್ನೊಂದಕ್ಕೆ ಹೆಂಗೂ ಕೇಳ್ತೀನಲ್ಲ ಬಿಡು. ಆಗ ನೋಡಿದ್ರಾಯ್ತು." ಅಂದರೆ ಇನ್ನೂ ಮೂರು ಗಂಟೆ ಹೊತ್ತು. ನೀನು ಸರಿ ಎಂದು ಇನ್ನೊಂದು ದೋಸೆ ಹಾಕಿದೆ.

ಹನ್ನೊಂದಕ್ಕೆ ಪಾಠ ಶುರುವಾಯಿತು. ನಾನು ಚೆನ್ನಾಗಿಯೇ ಮಾಡಿದೆ, ಆ ವಿಡಿಯೋ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಮಗುವಿನ ಬೆನ್ನು ಎಡಕ್ಕಿದೆ ಎಂದು ತೋರಿಸಿದೆ. ಕೊಳವೆ ಇಟ್ಟೆ, ಬಾಗಿದೆ, ಪೆನ್ನು ಹಿಡಿದೆ. ಏನೂ ಕೇಳಲಿಲ್ಲ.

ಜಾಗ ತಪ್ಪಿರಬೇಕು ಎಂದು ಸ್ವಲ್ಪ ಕೆಳಗಿಟ್ಟೆ. ಇಲ್ಲ. ಇನ್ನೂ ಪಕ್ಕಕ್ಕೆ ಸರಿಸಿದೆ. ಅಲ್ಲಿ, ತುಂಬ ಒಳಗಿನಿಂದ, ಏನೋ ಒಂದು... ನಿಧಾನ. ಬಹಳ ನಿಧಾನ. ಅದು ನಿನ್ನ ನಾಡಿಯಿರಬಹುದು. ಅಥವಾ ಸೋಲುತ್ತಿರುವ ಮಗುವಿನದ್ದಿರಬಹುದು. ಪೆನ್ನು ಕೆಳಗಿಟ್ಟು ನಿನ್ನ ಕೈ ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಅರ್ಧ ನಿಮಿಷ, ಚೈತ್ರ.

ಮೊಬೈಲಿನೊಳಗಿಂದ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಸೌಂಡ್ ಬತ್ತಿಲ್ಲ. ನೆಟ್ ಹೋಯ್ತಾ?"

ನಾನು ತಲೆ ಎತ್ತದೆ, "ಇಲ್ಲ ಇಲ್ಲ, ಶುರು ಮಾಡ್ತೀನಿ, ಎಣಿಸಿ" ಎಂದೆ. ತಟ್ಟಲು ಶುರುಮಾಡಿದೆ.

ಇಪ್ಪತ್ತು ವರ್ಷ ಅದನ್ನೇ ಕೇಳಿದವಳ ಕೈಗೆ ಆ ಲಯ ಯಾರೂ ಹೇಳಿಕೊಡಬೇಕಾಗಿಲ್ಲ. ಟಕ್ ಟಕ್ ಟಕ್ ಟಕ್ — ತಪ್ಪದೆ ಒಂದು ನಿಮಿಷ ತಟ್ಟಿದೆ. ಕಿವಿ ಕೊಳವೆಗೆ ಅಂಟಿಕೊಂಡೇ ಇತ್ತು, ಒಳಗಿನ ಆ ನಿಧಾನದ ಸದ್ದು ಬೇರೆಯೇ ದಾರಿಯಲ್ಲಿ ಹೋಗುತ್ತಿತ್ತು. ಅದನ್ನು ಕೇಳದಿರಲು ನಾನು ಇನ್ನಷ್ಟು ಗಟ್ಟಿಯಾಗಿ ತಟ್ಟಿದೆ. ವಿಡಿಯೋದಲ್ಲಿ ಅದು ಗೊತ್ತಾಗುತ್ತದೆ. ಕೊನೆಯ ಹತ್ತಿಪ್ಪತ್ತು ಏಟು ಜೋರಾಗಿವೆ.

ಚಾಟಿನಲ್ಲಿ ಸಂಖ್ಯೆಗಳು ಬಂದವು. ನೂರ ನಲವತ್ತು. ನೂರ ನಲವತ್ತೆರಡು. ನೂರ ಮೂವತ್ತೊಂಬತ್ತು. ನಲವತ್ತು ಹುಡುಗಿಯರು ಇಲ್ಲದ ಎದೆಬಡಿತವನ್ನು ಶ್ರದ್ಧೆಯಿಂದ ಎಣಿಸಿದ್ದರು. ನಾನು ಕ್ಯಾಮೆರಾ ಕಡೆ ತಿರುಗಿ, "ನೂರ ನಲವತ್ತು. ಮಗು ಆರೋಗ್ಯವಾಗಿದೆ" ಎಂದೆ. ನೀನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟೆ. "ಅಬ್ಬಾ, ಬೆಳಗಿಂದ ಒಂಥರಾ ಆಗಿತ್ತು ಕಣಕ್ಕ" ಎಂದು ಮೆಲ್ಲಗೆ ಹೇಳಿದೆ. ಅದು ರೆಕಾರ್ಡಿನಲ್ಲಿದೆ.

ಕರೆ ಮುಗಿದ ತಕ್ಷಣ ಮತ್ತೆ ಕೇಳಬೇಕು ಎಂದುಕೊಂಡೆ — ಖಂಡಿತ ಅಂದುಕೊಂಡೆ, ಅಷ್ಟಾದರೂ ನಿಜ. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು. ತುಂಬ ಹೊಗಳಿದರು. ಹಾಜರಾತಿಯ ಸ್ಕ್ರೀನ್‌ಶಾಟು ಕಳಿಸಿ ಎಂದರು, ಕಳಿಸಿದೆ. ಈಚೆ ಬಂದರೆ ನೀನು ಬ್ಯಾಗು ತುಂಬುತ್ತಿದ್ದೆ. ಮಗು ಚೆನ್ನಾಗಿದೆ ಎಂದ ಮೇಲೆ ಇವತ್ತೇ ತವರಿಗೆ ಹೋಗಿಬಿಡುತ್ತೇನೆ ಎಂದು ಹಟ ಹಿಡಿದಿದ್ದೆ. ಅಮ್ಮ ಬೇಡವೆಂದಳು.

"ನಾಳೆ ಕಾರಿಗೆ ಪಾಸ್ ಮಾಡಿಸ್ಕೊಂಡು ಹೋಗ್ಲಿ ಕಣೋ. ತುಂಬಿದ್ ಹೊಟ್ಟೆ ಇಟ್ಕೊಂಡು ಗಾಡಿ ಮೇಲೆ ಯಾರ್ ಹೋಗ್ತಾರೆ?"

ಲೋಕೇಶ ನಕ್ಕ. "ಅಕ್ಕ ಈಗ ತಾನೆ ನೋಡವ್ಳೆ ಕಣಮ್ಮ. ನಲ್ವತ್ ಜನ ನರ್ಸಮ್ಮಂದ್ರು ಎಣ್ಸವ್ರೆ." ಆಮೇಲೆ ನನ್ನ ಕಡೆ ತಿರುಗಿದ. "ಹೋಗ್ಬೋದಲ್ವೇನಕ್ಕ?"

ಬೇಡ ಎಂದರೆ ಯಾಕೆ ಎಂದು ಹೇಳಬೇಕಿತ್ತು. ಹಾಗೆ ಮಾತ್ರ ಬರೆದರೆ ಪೂರ್ತಿ ನಿಜವಾಗುವುದಿಲ್ಲ. ನೀನು ಹೊರಟುಹೋದರೆ ನಾನು ಮತ್ತೆ ಆ ಹೊಟ್ಟೆಗೆ ಕಿವಿ ಕೊಡುವ ಪ್ರಸಂಗ ಬರುವುದಿಲ್ಲ — ಆ ಯೋಚನೆ ನನಗೆ ಬಂತು. ಬಂದು, ಹಾಯೆನಿಸಿತು. "ನಿಧಾನಕ್ಕೆ ಹೋಗು" ಎಂದೆ.

ಲೋಕೇಶ ನಿನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಕಡೂರಿನಲ್ಲಿ ಪೊಲೀಸರು ನಿಮ್ಮನ್ನು ತಡೆದರಂತೆ. ನಿನ್ನ ಹೊಟ್ಟೆ ನೋಡಿ, "ಆಸ್ಪತ್ರೆಗೇನಮ್ಮಾ?" ಎಂದು ಕೇಳಿದರಂತೆ. "ಇಲ್ಲ ಸಾರ್, ತವರಿಗೆ" ಎಂದನಂತೆ ಲೋಕೇಶ. ಆಸ್ಪತ್ರೆ ಅಲ್ಲೇ ಇತ್ತು. ಈ ಮಾತನ್ನು ಅವನು ಅದೆಷ್ಟು ಸಲ ಹೇಳಿಕೊಂಡಿದ್ದಾನೋ, ಪ್ರತಿ ಸಲವೂ ನಾನು ಎದ್ದು ಒಳಗೆ ಹೋಗಿದ್ದೇನೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗು ಒಂದು ಸಲವೂ ಅಲುಗಿರಲಿಲ್ಲ. ನಿಮ್ಮಮ್ಮ ಆಂಬುಲೆನ್ಸಿಗೆ ಫೋನು ಮಾಡಿ ಕಡೂರಿಗೆ ಕರೆತಂದರು. ನಾವೂ ಬಂದೆವು. ಸ್ಕ್ಯಾನು ಮಾಡಿದ ಡಾಕ್ಟರು ಪರದೆ ಆರಿಸಿದರು. ನನ್ನನ್ನು ನರ್ಸೆಂದು ತಿಳಿದು ಕೇಳಿದರು: "ಹಾರ್ಟ್ ಕೊನೇ ಸಲ ಯಾವಾಗ ಕೇಳಿಸ್ತು ಸಿಸ್ಟರ್?"

ಆಗಲೂ ಹೇಳಬಹುದಿತ್ತು. ಹೇಳಿದ್ದರೆ ಮಗು ಬರುತ್ತಿರಲಿಲ್ಲ, ಆದರೆ ನೀನು...

"ನಿನ್ನೆ ಹನ್ನೊಂದು ಗಂಟೆಗೆ ಡಾಕ್ಟ್ರೆ. ನೂರ ನಲವತ್ತಿತ್ತು. ಚೆನ್ನಾಗಿತ್ತು."

"ಆಮೇಲೆ ಎಲ್ಲಾದ್ರೂ ಓಡಾಡಿದ್ರಾ?"

ನಾನು ನಿನ್ನ ಕಡೆ ನೋಡಿದೆ. ಮಂಚದ ಮೇಲಿಂದ ನೀನೇ ಉತ್ತರ ಕೊಟ್ಟೆ: "ಗಾಡೀಲಿ ಹೋದ್ವಿ ಡಾಕ್ಟ್ರೆ. ನಾನೇ ಹಟ ಮಾಡ್ದೆ."

ಅವರು ಅದನ್ನು ಬರೆದುಕೊಂಡರು. ಬೇರೆ ಕಾರಣ ಹುಡುಕುವ ಅಗತ್ಯವಿರಲಿಲ್ಲ. ಹನ್ನೊಂದಕ್ಕೆ ಚೆನ್ನಾಗಿದ್ದ ಮಗು ಮರುದಿನ ಇಲ್ಲ. ನಡುವೆ ಇದ್ದದ್ದು ಆ ಗಾಡಿಯೊಂದೇ. ನಾನು ಹೇಳಿದ ಒಂದು ಸಂಖ್ಯೆ ನಿನ್ನನ್ನು ತಪ್ಪಿತಸ್ಥಳನ್ನಾಗಿ ಮಾಡಿಬಿಟ್ಟಿತು. ವರಾಂಡದಲ್ಲಿ ಅಮ್ಮ ಎಲ್ಲರಿಗೂ ಕೇಳುವಂತೆ ಅಂದಳು: "ಬ್ಯಾಡ ಅಂದೆ, ಕೇಳ್ಲಿಲ್ಲ. ಗಾಡಿ ಮೇಲೆ ಕುಲುಕ್ಸಿ ಕೊಂದ್ಕೊಂಡ್ಲು." ನಾನು ಅಮ್ಮನ ಬಾಯಿ ಮುಚ್ಚಿಸಿದೆ. ಎಲ್ಲರೂ ನನ್ನನ್ನು ಒಳ್ಳೆಯವಳೆಂದುಕೊಂಡರು. ನೀನೂ ಅಂದುಕೊಂಡೆ.

ಹುಟ್ಟಿದ್ದು ಹೆಣ್ಣುಮಗು. ನಾನೇ ಕೈಯಲ್ಲಿ ತೆಗೆದುಕೊಂಡೆ, ನಾನೇ ಒರೆಸಿದೆ. ಚರ್ಮ ಅಲ್ಲಲ್ಲಿ ಸುಲಿಯುತ್ತಿತ್ತು. ಜೀವ ಹೋಗಿ ಎಷ್ಟು ಹೊತ್ತಾಗಿರಬಹುದು ಎಂದು ನನ್ನ ಕಣ್ಣು ಲೆಕ್ಕ ಹಾಕಲು ಹೋಯಿತು, ಸರಿಯಾಗಿ ಸಿಗಲಿಲ್ಲ. ನಾನು ಕಿವಿ ಕೊಟ್ಟಾಗ ಅವಳು ಆಗಲೇ ಹೋಗಿದ್ದಳೋ, ಇನ್ನೂ ಇದ್ದಳೋ ನನಗೆ ಗೊತ್ತಿಲ್ಲ. ಹೋಗಿದ್ದಳು ಎಂದಾದರೆ ನಾನು ಮಾಡಿದ್ದು ನಿನ್ನ ಮೇಲೆ ಅಪವಾದ ಹೊರಿಸಿದ್ದು. ಇದ್ದಳು ಎಂದಾದರೆ ಅವಳು ಸೋಲುತ್ತಿದ್ದಾಗ ನಾನು ಮುಚ್ಚಳ ಬಡಿಯುತ್ತಾ ಕೂತಿದ್ದೆ. ಐದು ವರ್ಷ ನಾನು ಮೊದಲನೆಯದನ್ನೇ ನಂಬಿಕೊಂಡು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ನೀನು? ಅಂದಿನಿಂದ ಗಾಡಿ ಹತ್ತಿಲ್ಲ. ಗಾಡಿ ಬಿಡು, ಬಸ್ಸು, ಆಟೋ, ಯಾವುದೂ ಇಲ್ಲ. ತಂಗಿಯ ಮದುವೆಗೂ ಹೋಗಲಿಲ್ಲ. ಲೋಕೇಶ ಆ ಬೈಕನ್ನು ಮಾರಿದ. ಬೀದಿಯಲ್ಲಿ ಯಾವ ಬಸುರಿ ಹೆಂಗಸು ಸಿಕ್ಕರೂ ಅವಳ ಕೈ ಹಿಡಿದು "ಗಾಡಿ ಹತ್ಬ್ಯಾಡ ಕಣವ್ವ, ನಾನ್ ಹತ್ತಿ ಕಳ್ಕೊಂಡೆ" ಎನ್ನುತ್ತೀ. ನನ್ನ ಸುಳ್ಳನ್ನು ನೀನು ಊರಿಗೆಲ್ಲ ನಿನ್ನ ತಪ್ಪೆಂದು ಹಂಚಿದೆ. ಆ ವಿಡಿಯೋ ಮಾತ್ರ ಆ್ಯಪಿನಲ್ಲಿ ಹಾಗೆಯೇ ಇತ್ತು. ಶಾಲೆ ತೆರೆದ ಮೇಲೂ ಪ್ರತಿ ಬ್ಯಾಚು ವಾರ್ಡಿಗೆ ಹೋಗುವ ಮೊದಲು ಅದನ್ನು ನೋಡಬೇಕು, ತಟ್ಟಿದ್ದನ್ನು ಎಣಿಸಬೇಕು, ಸಂಖ್ಯೆ ತುಂಬಬೇಕು. ನೂರ ನಲವತ್ತು ಎಂದು ಬರೆದರೆ ಆ್ಯಪು ಹಸಿರು ಗುರುತು ಹಾಕುತ್ತದೆ.

ಹೋದ ತಿಂಗಳು ಅಜ್ಜಂಪುರದ ಶಾಜಿಯಾ ಎಂಬ ಹುಡುಗಿ ಸಂಖ್ಯೆ ತುಂಬದೆ ಆ ಖಾಲಿ ಜಾಗದಲ್ಲಿ ಪ್ರಶ್ನೆ ಬರೆದಳು. ತರಗತಿಯಲ್ಲಿ ತುಟಿ ಎರಡು ಮಾಡದ ಹುಡುಗಿ. "ಮೇಡಂ, ನಿಮ್ಮ ಒಂದು ಕೈಯಲ್ಲಿ ಪೆನ್ ಇದೆ, ಇನ್ನೊಂದು ಹೊಟ್ಟೆ ಮೇಲಿದೆ. ತಾಯಿಯ ನಾಡಿ ಯಾರು ಹಿಡ್ಕೊಂಡಿದ್ದಾರೆ? ಕೇಳಿಸಿದ್ದು ಮಗೂದೇ ಅಂತ ಹೆಂಗೆ ಗೊತ್ತಾಯ್ತು?" ಐದು ವರ್ಷದಲ್ಲಿ ನೂರಾರು ಹುಡುಗಿಯರು ನೋಡಿದ ವಿಡಿಯೋ. ಕೇಳಿದವಳು ಒಬ್ಬಳು. ನಾನು ಅವಳಿಗೆ ಕೊಟ್ಟ ಉತ್ತರವನ್ನೂ ಬರೆಯುತ್ತೇನೆ: "ಸಹಾಯಕಿ ಹಿಡಿದಿದ್ದರು, ಕ್ಯಾಮೆರಾದಲ್ಲಿ ಬಂದಿಲ್ಲ." ಇಷ್ಟೆಲ್ಲ ಆದ ಮೇಲೂ, ಚೈತ್ರ, ಒಂದು ಕ್ಷಣವೂ ಯೋಚಿಸದೆ ಹಾಗೆ ಬರೆದೆ. ಅವಳು "ಥ್ಯಾಂಕ್ಯೂ ಮೇಡಂ" ಎಂದು ಹಾಕಿದಳು.

ಈಗ ನಿನಗೆ ಮತ್ತೆ ಆರು ತಿಂಗಳು. ಪ್ರತಿ ಭಾನುವಾರ ಬಂದು ಕೇಳುತ್ತೇನೆ, ನಿನ್ನ ಕೈ ಹಿಡಿದುಕೊಂಡೇ ಕೇಳುತ್ತೇನೆ. ಈಗ ಕೇಳುತ್ತಿರುವುದು ನಿಜ. ಆದರೆ ಐದನೇ ತಿಂಗಳ ಸ್ಕ್ಯಾನಿಗೆ ನೀನು ಹೋಗಲಿಲ್ಲ. ಕಡೂರಿಗೆ ಹೋಗಲು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೂ ಹತ್ತಲಿಲ್ಲ. ಲೋಕೇಶ ಗೋಗರೆದ, ನಾನು ಬೈದೆ. ಹೋದ ಭಾನುವಾರ ನೀನು ನನ್ನ ಕೈ ಮೇಲೆ ಕೈ ಇಟ್ಟು ಹೇಳಿದೆ.

"ನೀವ್ ಕೇಳಿದ್ರೆ ಸಾಕಕ್ಕ, ಆಸ್ಪತ್ರೆ ಯಾಕೆ? ಅವತ್ತೂ ನೀವ್ ಕೇಳ್ದಾಗ ಚೆನ್ನಾಗೇ ಇತ್ತಲ್ಲ. ಗಾಡಿ ಹತ್ತಿದ್ದೇ ನಂದ್ ತಪ್ಪು."

ತರೀಕೆರೆಗೆ ವಾಪಸಾಗುವ ಬಸ್ಸಿನಲ್ಲಿ ನನಗೆ ಅರ್ಥವಾಯಿತು — ಇನ್ನೊಂದು ಮಗುವಿನ ಮೇಲೂ ಅದೇ ಸುಳ್ಳು ಕೂತಿದೆ. ನಾನು ಬಾಯಿ ಬಿಡದಿದ್ದರೆ ನೀನು ಕೊನೆಯವರೆಗೂ ಮನೆಯಲ್ಲೇ, ನನ್ನ ಕಿವಿಯೊಂದನ್ನೇ ನಂಬಿಕೊಂಡು ಕೂರುತ್ತೀ.

ನಾಳೆ ದೇವನೂರಿಗೆ ಬಂದು ಇದನ್ನು ನಡುಮನೆಯಲ್ಲಿ ಕೂತು ಓದುತ್ತೇನೆ. ಅಮ್ಮ ಇರಬೇಕು, ವರಾಂಡದಲ್ಲಿ ಆಡಿದ ಮಾತನ್ನು ಅವಳು ವಾಪಸು ತೆಗೆದುಕೊಳ್ಳಬೇಕು. ಸೋಮವಾರ ಪ್ರಿನ್ಸಿಪಾಲರಿಗೆ ಹೇಳಿ ಆ ವಿಡಿಯೋ ತೆಗೆಸುತ್ತೇನೆ. ತರಗತಿಯಲ್ಲಿ ಎಲ್ಲರ ಎದುರು ಶಾಜಿಯಾಳ ಪ್ರಶ್ನೆಗೆ ನಿಜವಾದ ಉತ್ತರ ಕೊಡುತ್ತೇನೆ. ಆಮೇಲೆ ಅವರು ನನ್ನನ್ನು ಅಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಗಾಡಿಯಿಂದ ಏನೂ ಆಗಲಿಲ್ಲ ಎಂದು ಆಣೆ ಮಾಡಿ ಹೇಳಲೂ ಆರೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿಯೇ ಇಷ್ಟೆಲ್ಲ ಆಗಿದ್ದು. ಗೊತ್ತಿರುವುದು ಇಷ್ಟೆ: ನೀನು ಗಾಡಿ ಹತ್ತುವ ಮೊದಲೇ ಏನೋ ಕೆಟ್ಟಿತ್ತು, ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಬುಧವಾರ ಲೋಕೇಶ ಕಾರು ತರುತ್ತಾನೆ. ಹತ್ತು, ಚೈತ್ರ. ಕಡೂರಿನಲ್ಲಿ ಸ್ಕ್ಯಾನು ಮಾಡುವಾಗ ಮಗುವಿನ ಎದೆಬಡಿತವನ್ನು ಕೋಣೆಗೆಲ್ಲ ಕೇಳುವ ಹಾಗೆ ಜೋರಾಗಿ ಇಡುತ್ತಾರೆ. ನೀನೇ ಕೇಳು. ನಾನು ಒಳಗೆ ಬರುವುದಿಲ್ಲ.